ಅಧ್ಯಕ್ಷರ ಸನ್ನೆಯೂ ನಮ್ಮ ಅನುದಾನವೂ

ಸರ್ಕಾರದ ಅನುದಾನ ಪಡೆಯುವುದು ಕಷ್ಟ ಎಂದು ಯಾರಾದರೂ ಗೊಣಗಿದರೆ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ರಜಾ ಅರ್ಜಿಯಿಂದ ಹಿಡಿದು ಬೀಳ್ಕೊಡುಗೆಯ ಅಭಿನಂದನಾ ಪತ್ರದವರೆಗೆ, ಜಗಳೂರಿನಲ್ಲಿ ಯಾರಿಗೆ ಏನು ಬರೆಸಬೇಕಾದರೂ ನಮ್ಮ ಮನೆ ಬಾಗಿಲಿಗೇ ಬರುತ್ತಾರೆ. ಅರ್ಜಿಯಲ್ಲಿ ವ್ಯಾಕರಣ ಸರಿಯಿದ್ದು, ವಿಷಯ ನಿಜವಿದ್ದರೆ ಯಾರು ತಾನೇ ಇಲ್ಲ ಅನ್ನುತ್ತಾರೆ? ಹೀಗೆ ನಾನು ನಿಜವಾಗಿಯೂ ನಂಬಿದ್ದೆ. ಆಗ ನನಗೆ ಬರೀ ಅರವತ್ತೊಂದು ವರ್ಷ!

ನಮ್ಮ ಟ್ರಸ್ಟು ದೊಡ್ಡದೇನಲ್ಲ. ಮೊದಲು ಹಾಲಿನ ಡೈರಿಯಾಗಿದ್ದ ಒಂದು ಕೋಣೆ, ಒಂಬತ್ತು ಮಕ್ಕಳು, ಒಬ್ಬಳು ಟೀಚರ್. ಮಕ್ಕಳಿಗೆ ಕಿವಿ ಕೇಳುವುದಿಲ್ಲ. ಅವರಿಗೆ ಸನ್ನೆ ಭಾಷೆ ಕಲಿಸುವವಳು ಟೀಚರ್ ನಸೀಮಾ. ಅವಳ ತಮ್ಮನಿಗೂ ಕೇಳುವುದಿಲ್ಲವಾದ್ದರಿಂದ ಅವಳಿಗೆ ಅದು ಮನೆಮಾತು. ಸೊಕ್ಕೆ ಹಳ್ಳಿಯ ರೇಣುಕಾ ನಮ್ಮಲ್ಲಿಗೆ ಬಂದಾಗ ಅವಳಿಗೆ ಏಳು ವರ್ಷ. ಹೊಟ್ಟೆ ನೋಯುತ್ತಿದೆ ಎಂದು ತಿಳಿಸಲೂ ಬಾರದೆ ಸುಮ್ಮನೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳಂತೆ. ಎರಡು ವರ್ಷದಲ್ಲಿ ಎಷ್ಟು ಮಾತು ಕಲಿತಳೆಂದರೆ, “ಇವಳ ಕೈ ಒಂಚೂರು ಕಟ್ಟಿಹಾಕ್ರೀ ಮೇಡಂ, ಉಣ್ಣಾಕೂ ಬಿಡಲ್ಲ” ಎಂದು ಅವಳ ತಾಯಿ ಹನುಮಕ್ಕ ನಗುತ್ತಾ ದೂರು ಹೇಳುತ್ತಾಳೆ. ಆ ದೂರು ಕೇಳಿದ ದಿನ ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡಿದ್ದೆ.

ನಸೀಮಾಳಿಗೆ ನಾವು ಕೊಡುತ್ತಿದ್ದದ್ದನ್ನು ಸಂಬಳ ಎಂದರೆ ಸಂಬಳಕ್ಕೇ ಅವಮಾನ. ಅವಳಿಗೆ ದಾವಣಗೆರೆಯಿಂದ ಒಳ್ಳೆಯ ಕೆಲಸದ ಕರೆ ಬಂದಿತ್ತು. “ಜೂನ್ ತನಕ ನೋಡ್ತೀನ್ರೀ ಮೇಡಂ. ಆಮೇಲೆ ನನಗೂ ಮನೆ ಐತೆ” ಎಂದು ತಲೆ ತಗ್ಗಿಸಿ ಹೇಳಿದಳು. ಅವಳು ಹೋದರೆ ತರಗತಿ ಮುಚ್ಚಿದ ಹಾಗೆಯೇ. ಬಿಳಿಚೋಡಿನಿಂದ ಸೊಕ್ಕೆಯವರೆಗೆ ಆ ಮಕ್ಕಳ ಜೊತೆ ಮಾತಾಡಬಲ್ಲವರು ಬೇರೆ ಯಾರೂ ಇರಲಿಲ್ಲ. ನನಗೆ ಬರುತ್ತಿದ್ದದ್ದು ಹನ್ನೆರಡು ಸನ್ನೆ. ಅದರಲ್ಲಿ ಮೂರು ತಪ್ಪು.

“ಚಿಂತೆ ಬಿಡು. ನಾನು ಅರ್ಜಿ ಬರೀತೀನಿ” ಎಂದು ಪೆನ್ನಿನ ಕ್ಯಾಪು ತೆಗೆದೆ.

ಇಲ್ಲಿ ಮಂಡಳಿಯ ವಿಷಯ ಹೇಳಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಸಂಘಸಂಸ್ಥೆಗಳಿಗೆ ಅನುದಾನ ಹಂಚಲು ಒಂದು ಸಮನ್ವಯ ಮಂಡಳಿ. ಆ ತುದಿಯ ನ್ಯಾಮತಿಗೂ ಈ ತುದಿಯ ಜಗಳೂರಿಗೂ ಏನು ಸಂಬಂಧ ಎಂದು ಕೇಳಬೇಡಿ. ಹಾಗೆ ಕೇಳಿದವರು ಈಗ ಏನನ್ನೂ ಕೇಳುತ್ತಿಲ್ಲ. ಮಂಡಳಿಗೆ ಒಬ್ಬರು ಅಧ್ಯಕ್ಷರು. ಅವರ ಹೆಸರು ಬರೆಯುವಷ್ಟು ಧೈರ್ಯ ನನಗಿಲ್ಲ. ಬರೆದರೂ ಹಿಂದೆ ಮುಂದೆ ಹಚ್ಚಬೇಕಾದ ಬಿರುದುಗಳಿಗೆ ಈ ಹಾಳೆ ಸಾಲದು. ಅವರು ತಾತ್ಕಾಲಿಕ ಅಧ್ಯಕ್ಷರು. ಹನ್ನೊಂದು ವರ್ಷದಿಂದ ತಾತ್ಕಾಲಿಕ! ಚುನಾವಣೆಯ ದಿನವನ್ನು ಅಧ್ಯಕ್ಷರೇ ಗೊತ್ತುಮಾಡಬೇಕು ಎಂಬುದು ನಿಯಮ. ಆ ನಿಯಮ ಮಾಡಿದವರೂ ಅಧ್ಯಕ್ಷರೇ. ಪಾಪ, ಅವರಿಗೆ ಪುರುಸೊತ್ತೇ ಆಗಿಲ್ಲ.

ಹೊನ್ನಾಳಿ ಕಡೆಯ ಒಂದು ವಾಚನಾಲಯದವರು “ಚುನಾವಣೆ ಯಾವಾಗ?” ಎಂದು ಒಂದೇ ಒಂದು ಸಾಲಿನ ಕಾಗದ ಬರೆದರಂತೆ. ಮರುವಾರವೇ ತಪಾಸಣೆ ಬಂತು. ವಾಚನಾಲಯ ನಡೆಯುತ್ತಿದ್ದದ್ದು ಬೇವಿನ ಮರದ ಕೆಳಗೆ. ಅದಕ್ಕೆ ಚಾವಣಿಯ ಸುರಕ್ಷತಾ ಪ್ರಮಾಣಪತ್ರ ಕೇಳಿದರು. ಈಗ ಅಲ್ಲಿ ಮರ ಮಾತ್ರ ಇದೆ.

ಇದೆಲ್ಲ ಗೊತ್ತಿದ್ದೂ ನಾನು ಮೊದಲ ಅರ್ಜಿಯಲ್ಲಿ ನಿಜ ಬರೆದೆ. ಮಕ್ಕಳಿಗೆ ಕಲಿಯುವ ಹಕ್ಕಿದೆ, ಶಿಕ್ಷಕಿಯ ಕೊರತೆ ಇದೆ, ಸಹಾಯ ಬೇಕಿದೆ. ಅಲ್ಪವಿರಾಮ ಕೂಡ ಅದರದರ ಜಾಗದಲ್ಲೇ ಇತ್ತು. ಹತ್ತು ದಿನದಲ್ಲಿ ಅರ್ಜಿ ವಾಪಸ್ ಬಂತು. ಮೇಲೆ ಕೆಂಪು ಶಾಯಿಯ ಷರಾ: “ಅರ್ಜಿಯಲ್ಲಿ ನಿರಾಶಾವಾದ ಕಂಡುಬಂದಿದೆ. ಸಂತೋಷದಿಂದ ಪುನಃ ಸಲ್ಲಿಸುವುದು.”

ನಮ್ಮ ಯಜಮಾನರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದು ನಿವೃತ್ತರಾದವರು. ಅವರು ಷರಾ ಓದಿ, ಕನ್ನಡಕ ತೆಗೆದು, “ಲೈನಲ್ಲಿ ಕರೆಂಟ್ ಐತೆ ಅಂತ ಬೋರ್ಡೇ ಹಾಕ್ಯಾರೆ. ಮುಟ್ಟಬ್ಯಾಡ” ಅಂದರು.

ನಾನು ಮುಟ್ಟಿದೆ. ಅದೂ ಒಬ್ಬ ತಜ್ಞರನ್ನು ಕರೆಸಿಕೊಂಡು ಮುಟ್ಟಿದೆ. ಚನ್ನಗಿರಿಯ ಹಾಲೇಶಪ್ಪ ಎಂಬವರು ಪ್ರತಿವರ್ಷ ತಪ್ಪದೆ ಅನುದಾನ ಪಡೆಯುತ್ತಾರೆಂದು ಪ್ರಖ್ಯಾತರು. ಬಿಳೀ ಅಂಗಿ, ಜೇಬಿನ ಮೇಲೆ ಅಧ್ಯಕ್ಷರ ಮುಖವಿರುವ ಬಿಲ್ಲೆ. “ನಿಮ್ಮ ಸಂಸ್ಥೆ ಏನು ಮಾಡ್ತದೆ ಸರ್?” ಎಂದು ಗೌರವದಿಂದ ಕೇಳಿದೆ.

“ಅನುದಾನ ತಗೊಳ್ತೈತೆ” ಎಂದರು ಅವರು, ಅಷ್ಟೇ ಗೌರವದಿಂದ.

ಹಾಲೇಶಪ್ಪ ನನ್ನ ಅರ್ಜಿಯನ್ನು ಹೈಸ್ಕೂಲು ಹುಡುಗನ ಪ್ರಬಂಧ ತಿದ್ದುವಂತೆ ತಿದ್ದಿದರು. ನನ್ನ ಜೀವನದಲ್ಲಿ ನನಗೆ ಯಾರೂ ಕೆಂಪು ಗೆರೆ ಹಾಕಿರಲಿಲ್ಲ! “ಹಕ್ಕು ಅಂತ ಬರ್ದೀರಲ್ಲ, ಇದು ತೆಗೀರಿ. ಅಧ್ಯಕ್ಷರ ಕೃಪೆ ಅಂತ ಹಾಕ್ರಿ. ಕೊರತೆ ಅಂದ್ರೆ ಏನ್ರೀ ಅರ್ಥ? ಅವರ ಕಾಲದಾಗೆ ಕೊರತೆ ಐತೆ ಅಂತೀರಾ?”

“ಕೊರತೆ ಇಲ್ಲದಿದ್ರೆ ಅನುದಾನ ಯಾಕೆ ಬೇಕು ಸರ್?”

“ಯಾವ ಕೊರತೇನೂ ಇಲ್ಲ, ಹಂಗಾಗಿ ಅನುದಾನ ಕೊಡ್ರಿ ಅಂತ ಬರೀರಿ. ನಾನು ಹನ್ನೊಂದು ವರ್ಷದಿಂದ ಅದನ್ನೇ ಬರೀತಿದೀನಿ.”

ನಾನು ತಲೆಯಾಡಿಸಿದೆ. ಆದರೆ ಒಳಗಿದ್ದ ಕನ್ನಡ ಟೀಚರ್ ಸುಮ್ಮನಾಗಲಿಲ್ಲ. ಹೊಗಳಿಕೆಯೇ ಬೇಕಾದರೆ ಈ ಹಾಲೇಶಪ್ಪನಿಂದ ನಾನೇನು ಕಲಿಯುವುದು ಎಂದು ಹಟ ಬಂತು. ಎರಡನೆಯ ಅರ್ಜಿಯಲ್ಲಿ ಅಧ್ಯಕ್ಷರನ್ನು ನಾಲ್ಕು ತಾಲ್ಲೂಕನ್ನು ಬೆಳಗುವ ಸೂರ್ಯ ಎಂದು ಬಣ್ಣಿಸಿದೆ. ಓದಿದರೆ ನನಗೇ ಬೆವರು ಬರುವಷ್ಟು ಬಿಸಿಲಿತ್ತು ಅದರಲ್ಲಿ. ವಾರದೊಳಗೆ ವಾಪಸ್! ಷರಾ: “ಸೂರ್ಯನು ಪ್ರತಿದಿನ ಮುಳುಗುತ್ತಾನೆ. ಅರ್ಜಿದಾರರು ಏನನ್ನು ಸೂಚಿಸುತ್ತಿದ್ದಾರೆ? ಮೂರು ದಿನದೊಳಗೆ ಸ್ಪಷ್ಟೀಕರಣ ನೀಡುವುದು.”

ಗಾಬರಿಯಿಂದ ಸೂರ್ಯನನ್ನು ತೆಗೆದು ಶಾಂತಿಸಾಗರ ಕೆರೆಯನ್ನು ತುಂಬಿದೆ. ಅಷ್ಟು ವಿಶಾಲ ಹೃದಯ ಎಂದೆ. ಮಂಡಳಿಯ ಗುಮಾಸ್ತರು ಫೋನ್ ಮಾಡಿ, “ಹೂಳು ತುಂಬೈತೆ ಅಂತೀರಾ ಮೇಡಂ?” ಎಂದು ಮೆಲ್ಲಗೆ ಕೇಳಿದರು. ಯಜಮಾನರೇ ಕೊನೆಗೆ ಕನಿಕರ ತೋರಿಸಿದರು. “ಯಾವುದಕ್ಕೂ ಹೋಲಿಸಬ್ಯಾಡ ಕಣೆ. ಹೋಲಿಕೆಗೆ ಮೀರಿದವರು ಅಂತ ಬರ್ದು ಸುಮ್ನಾಗು.” ಮೂವತ್ತೆರಡು ವರ್ಷ ಉಪಮಾಲಂಕಾರ ಕಲಿಸಿದವಳು ಕಂಬ ಹತ್ತುತ್ತಿದ್ದವರ ಮಾತು ಕೇಳಿ ಹಾಗೆಯೇ ಬರೆದೆ. ಅರ್ಜಿ ಪಾಸಾಯಿತು!

ಪಾಸೆಂದರೆ ಮೊದಲ ಹಂತ ಅಷ್ಟೇ. ಅಧ್ಯಕ್ಷರು ಖುದ್ದಾಗಿ ಬಂದು ನೋಡುತ್ತಾರೆ, ಆಮೇಲೆ ಮಂಜೂರಾತಿ ಎಂದು ಪತ್ರ ಬಂತು. ಹಾಲೇಶಪ್ಪ ಫೋನಿನಲ್ಲೇ ಪಾಠ ಮಾಡಿದರು. “ಮಕ್ಕಳ ಕೈಲಿ ಅಧ್ಯಕ್ಷರ ಮ್ಯಾಲೆ ಒಂದು ಹಾಡು ಮಾಡಿಸ್ರಿ. ಹೆಸರು ಪ್ರತಿ ಸಾಲಿನಾಗೂ ಬರ್ಬೇಕು. ಹೆಸರು ಕಮ್ಮಿ ಆದ್ರೆ ಅನುದಾನನೂ ಕಮ್ಮಿ, ತಿಳೀತಾ?”

“ಸರ್, ಈ ಮಕ್ಕಳು ಹಾಡಲ್ಲ. ಸನ್ನೆ ಮಾಡ್ತಾರೆ.”

“ಮಾಡ್ಲಿ ಬಿಡ್ರಿ. ಹೆಸರು ಮಾತ್ರ ಬರ್ಬೇಕು.”

ನಾನು ಪ್ರತಿ ಸಾಲಿನಲ್ಲಿ ಅಲ್ಲ, ಅರ್ಧ ಸಾಲಿಗೊಮ್ಮೆ ಹೆಸರು ತಂದೆ. ಹಾಲೇಶಪ್ಪನೂ ದಂಗಾಗಬೇಕು ಎಂದು! ಒಟ್ಟು ಹದಿನೇಳು ಸಲ. ಸಭೆಗೆ ಹಾಡನ್ನು ನಾನು ಮೈಕಿನಲ್ಲಿ ಓದುವುದು, ಮಕ್ಕಳು ಎದುರಿಗೆ ನಿಂತ ನಸೀಮಾಳನ್ನು ನೋಡಿ ಸನ್ನೆಯಲ್ಲಿ ಹೇಳುವುದು ಎಂದು ಏರ್ಪಾಡು.

ಇಲ್ಲೊಂದು ಸಂಗತಿ ಹೇಳಬೇಕು. ಸನ್ನೆ ಭಾಷೆಯವರು ಜನರ ಹೆಸರನ್ನು ಅಕ್ಷರ ಕೂಡಿಸಿ ಹೇಳುತ್ತಾ ಕೂರುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ಸನ್ನೆಹೆಸರು ಇಡುತ್ತಾರೆ. ಆ ಮನುಷ್ಯನಲ್ಲಿ ಮೊದಲು ಕಣ್ಣಿಗೆ ಬೀಳುವುದು ಯಾವುದೋ ಅದೇ ಹೆಸರು. ನಮ್ಮ ಯಜಮಾನರ ಹೆಸರು ಮೀಸೆ ತಿರುವುವುದು. ಹನುಮಕ್ಕನದು ಮೂಗುತಿ ಮುಟ್ಟಿಕೊಳ್ಳುವುದು. ಒಮ್ಮೆ ಇಟ್ಟರೆ ಅದು ಹೋಗುವುದಿಲ್ಲ, ಅದರಲ್ಲಿ ಅವಮಾನವೂ ಇಲ್ಲ, ಸನ್ಮಾನವೂ ಇಲ್ಲ.

ಕಾರ್ಯಕ್ರಮಕ್ಕೆ ನಾಲ್ಕು ದಿನ ಇದ್ದಾಗ ನಸೀಮಾ ಬಂದು, “ಮೇಡಂ, ಅಧ್ಯಕ್ಷರ ಹೆಸರಿಗೆ ಏನು ಮಾಡಾಣ? ಮಕ್ಕಳು ಹೋದ ವರ್ಷ ಅವರ್ನ ಊರಿನ ಹೈಸ್ಕೂಲ್ ಕಟ್ಟಡದ ಉದ್ಘಾಟನೇಲಿ ನೋಡಿದ್ರಲ್ಲ, ಅವತ್ತೇ ಒಂದು ಹೆಸರು ಇಟ್ಟಾರೆ. ಆದ್ರೆ ಅದು ಸ್ವಲ್ಪ... ನೀವೊಂದ್ಸಲ ನೋಡಿಬಿಡ್ರಿ” ಎಂದಳು.

ನಾನು ಸ್ವಾಗತ ಫ್ಲೆಕ್ಸಿನಲ್ಲಿ ಬಿರುದುಗಳ ಕಾಗುಣಿತ ಪರೀಕ್ಷಿಸುತ್ತಿದ್ದೆ. ತಲೆ ಕೂಡ ಎತ್ತಲಿಲ್ಲ. “ಇಟ್ಟಾಗಿದೆ ತಾನೇ? ಮತ್ತೇನು ನೋಡೋದು? ಅದೇ ಮಾಡಿಸು.”

“ಅಲ್ರೀ ಮೇಡಂ...”

“ನಸೀಮಾ, ನನಗೆ ಇಪ್ಪತ್ತಮೂರು ಬಿರುದು ಬಾಕಿ ಇವೆ!”

ಆ ದಿನ ಬಂತು. ಹಳೇ ಡೈರಿ ಕೋಣೆಯ ಮುಂದೆ ಶಾಮಿಯಾನ, ನಾಲ್ಕು ತಾಲ್ಲೂಕಿನ ಅಧಿಕಾರಿಗಳು, ಮುಂದಿನ ಸಾಲಿನಲ್ಲಿ ಬಿಲ್ಲೆ ಹೊಳೆಸುತ್ತಾ ಹಾಲೇಶಪ್ಪ. ಅಧ್ಯಕ್ಷರು ಕಾರಿಳಿದರು. ಫೋಟೋದವರು ಕ್ಯಾಮೆರಾ ಎತ್ತಿದ್ದೇ ತಡ, ಅವರು ಎಡಮೊಣಕೈಯಿಂದ ಒಬ್ಬರನ್ನು, ಬಲಮೊಣಕೈಯಿಂದ ಇನ್ನೊಬ್ಬರನ್ನು ಪಕ್ಕಕ್ಕೆ ತಳ್ಳಿ, ಗದ್ದ ಎತ್ತಿ, ಹಲ್ಲು ಕಾಣುವಂತೆ ನಕ್ಕರು. ಎಡಕ್ಕಿದ್ದವರು ಅಧಿಕಾರಿ. ಬಲಕ್ಕಿದ್ದವಳು ಹಾರ ಹಿಡಿದಿದ್ದ ನಾನು. ಹಾರ ಹೋಗಿ ಶಾಮಿಯಾನದ ಕಂಬಕ್ಕೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ನನ್ನ ಪಕ್ಕೆಲುಬು ನೋಯುತ್ತಿದ್ದರೂ ಮೈಕು ಹಿಡಿದು ಹಾಡು ಶುರುಮಾಡಿದೆ. ಮೊದಲ ಸಾಲಿನ ಮೊದಲ ಪದವೇ ಅಧ್ಯಕ್ಷರ ಹೆಸರು. ಒಂಬತ್ತು ಮಕ್ಕಳೂ ಒಟ್ಟಿಗೆ ಎಡಮೊಣಕೈ ತಳ್ಳಿ, ಬಲಮೊಣಕೈ ತಳ್ಳಿ, ಗದ್ದ ಎತ್ತಿ, ಹಲ್ಲು ಕಿರಿದರು!

ನಸೀಮಾ ಹೇಳಲು ಬಂದದ್ದು ಇದನ್ನೇ! ಆದರೆ ಹಾಡು ನಿಲ್ಲಿಸುವಂತಿಲ್ಲ. ಇನ್ನೂ ಹದಿನಾರು ಬಾಕಿ! ನಾನು ಹೆಸರು ಹೇಳಿದಾಗಲೆಲ್ಲ ಒಂಬತ್ತು ಜೊತೆ ಮೊಣಕೈ ಗಾಳಿಯಲ್ಲಿ ತಿವಿದವು. ಮುಂದಿದ್ದ ರೇಣುಕಾ ಎಲ್ಲರಿಗಿಂತ ಶ್ರದ್ಧೆಯಿಂದ ಮಾಡುತ್ತಿದ್ದಳು. ಅವಳ ನಗುವಂತೂ ಅಧ್ಯಕ್ಷರ ಅಚ್ಚೇ. ಐದನೆಯ ಸಲಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಒಂಬತ್ತನೆಯ ಸಲಕ್ಕೆ ಇಡೀ ಶಾಮಿಯಾನಕ್ಕೆ ಕೆಮ್ಮು ಹತ್ತಿತು. ಹಾಲೇಶಪ್ಪ ಜೇಬಿನ ಬಿಲ್ಲೆ ಬಿಚ್ಚುತ್ತಿದ್ದರು. ನಮ್ಮ ಯಜಮಾನರು ಕಂಬದ ಹಿಂದೆ ಮುಖ ಮುಚ್ಚಿಕೊಂಡು ನಿಂತಿದ್ದರು. ಹದಿನೇಳು ಮುಗಿಯುವಷ್ಟರಲ್ಲಿ ನಾನು ನನ್ನ ಟ್ರಸ್ಟಿನ ಅಂತಿಮ ವಿಧಿಗಳನ್ನು ಮನಸ್ಸಿನಲ್ಲೇ ನೆರವೇರಿಸಿದ್ದೆ.

ಅಧ್ಯಕ್ಷರು ಎದ್ದು ನಿಂತರು. ಕೆಮ್ಮು ತಟ್ಟನೆ ವಾಸಿಯಾಯಿತು.

“ಈ ಮಕ್ಕಳು ಮತ್ತೆ ಮತ್ತೆ ಒಂದು ಮಾಡ್ತಾವಲ್ಲ, ಏನದು?”

ನಸೀಮಾ ಬಾಯಿ ತೆರೆದಳು. ಸುಳ್ಳು ಹೇಳಿ ಅವಳಿಗೆ ರೂಢಿಯಿಲ್ಲ. ಮಕ್ಕಳು ಏನೂ ಅರಿಯದೆ ಅಧ್ಯಕ್ಷರ ಮುಖವನ್ನೇ ನೋಡುತ್ತಿದ್ದರು, ಮೆಚ್ಚಿಗೆಗೆ ಕಾಯುತ್ತಾ. ನನ್ನೊಳಗಿನ ಅಷ್ಟೂ ಅಲಂಕಾರಶಾಸ್ತ್ರ ಒಮ್ಮೆಲೇ ಎದ್ದು ನಿಂತಿತು. ನಾನು ಮತ್ತೆ ಮೈಕು ಬಾಯಿಗೆ ಹಿಡಿದೆ. “ಮಾನ್ಯರೇ, ಅದು ತಮ್ಮ ನಾಮಧೇಯ! ಅಡೆತಡೆಗಳನ್ನು ಎಡಕ್ಕೂ ಬಲಕ್ಕೂ ಸರಿಸಿ, ತಲೆ ಎತ್ತಿ, ನಗುನಗುತ್ತಾ ಮುನ್ನಡೆಯುವ ಮಹಾನುಭಾವರು ಎಂದು ಅದರ ಅರ್ಥ!”

ಅಧ್ಯಕ್ಷರು ಒಂದು ಕ್ಷಣ ಯೋಚಿಸಿದರು. ಆಮೇಲೆ ನಿಧಾನವಾಗಿ ಎಡಮೊಣಕೈ ತಳ್ಳಿದರು. ಬಲಮೊಣಕೈ ತಳ್ಳಿದರು. ಗದ್ದ ಎತ್ತಿ ನಕ್ಕರು. ಅದು ಅವರಿಗೆ ಅಭ್ಯಾಸವೇ ಬೇಕಿಲ್ಲದೆ ಬಂತು. “ಭಾಳ ಚಲೋ ಐತೆ!” ಎಂದರು. ಮರುಕ್ಷಣ ಅಧಿಕಾರಿಗಳೆಲ್ಲ ಎದ್ದು ಅದನ್ನೇ ಮಾಡಿದರು. ಎಲ್ಲರಿಗಿಂತ ಜೋರಾಗಿ ಮಾಡಿದವರು ಹಾಲೇಶಪ್ಪ, ಬಿಲ್ಲೆ ಮತ್ತೆ ಸಿಕ್ಕಿಸಿಕೊಂಡು. ರೇಣುಕಾ ಸಂಭ್ರಮದಿಂದ ಕುಣಿದಳು. ಅವಳ ಭಾಷೆಯನ್ನು ಅಷ್ಟೊಂದು ದೊಡ್ಡವರು ಮಾತಾಡಿದ್ದು ಅದೇ ಮೊದಲು.

ಅವತ್ತು ಮನೆಗೆ ಬಂದು ಹೋಳಿಗೆ ಮಾಡಿದೆ. “ನೋಡಿದ್ರಾ? ಭಾಷೆ ಅಂದ್ರೆ ಹೀಗೆ ಬಳಸಬೇಕು” ಎಂದು ಯಜಮಾನರಿಗೆ ಬಡಿಸುತ್ತಾ ಹೇಳಿದೆ. ಅವರು ತುಪ್ಪ ಕೇಳಿದರು.

ಹದಿನೈದು ದಿನಕ್ಕೆ ಮಂಜೂರಾತಿ ಆದೇಶ ಬಂತು. ನಾನು ಕೇಳಿದ್ದಕ್ಕಿಂತಲೂ ಹೆಚ್ಚಿತ್ತು! ನಸೀಮಾಳಿಗೆ ಪೂರ್ತಿ ಸಂಬಳ, ಓಡಾಟದ ಖರ್ಚು ಬೇರೆ. ಓಡಾಟ ಯಾಕೆ ಎಂದು ಎರಡನೆಯ ಪುಟ ತಿರುವಿದೆ. ಅನುದಾನದ ಉದ್ದೇಶ: “ಮಾನ್ಯ ಅಧ್ಯಕ್ಷರ ಸನ್ನೆಯಲ್ಲಿ ನಾಲ್ಕು ತಾಲ್ಲೂಕುಗಳ ಸಮಸ್ತ ನೌಕರರಿಗೆ ತರಬೇತಿ.” ಸೋಮವಾರ, ಮಂಗಳವಾರ ಚನ್ನಗಿರಿ. ಬುಧವಾರ, ಗುರುವಾರ ಹೊನ್ನಾಳಿ. ಶುಕ್ರವಾರ, ಶನಿವಾರ ನ್ಯಾಮತಿ. ಜಗಳೂರಿನವರು ಈಗಾಗಲೇ ಕಲಿತಿರುವುದರಿಂದ ಇಲ್ಲಿಗೆ ವಿನಾಯಿತಿ.

“ನಾನು ಒಲ್ಲೆ ಅಂದ್ರೆ?” ನಸೀಮಾ ಕೇಳಿದಳು.

ಕೊನೆಯ ಸಾಲು ತೋರಿಸಿದೆ. ತಪ್ಪಿದಲ್ಲಿ ಟ್ರಸ್ಟಿನ ನೋಂದಣಿಯನ್ನು ಮರುಪರಿಶೀಲಿಸಲಾಗುವುದು ಎಂದಿತ್ತು. ಅವಳು ಆದೇಶವನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. “ದಾವಣಗೆರೆ ಕೆಲ್ಸಕ್ಕೆ ಹೋಗಿದ್ರೆ ಶನಿವಾರನಾದ್ರೂ ಈ ಮಕ್ಕಳ ಹತ್ರ ಬರ್ತಿದ್ದೆ ಮೇಡಂ” ಎಂದಳು. ನನಗೆ ನಾಚಿಕೆಯಾಯಿತು. ಅವಳ ಮುಖ ನೋಡಲಾಗದೆ ಸ್ವಾಗತ ಫ್ಲೆಕ್ಸನ್ನು ಸುತ್ತಿಡುತ್ತಾ ನಿಂತೆ.

ತರಬೇತಿ ಭರದಿಂದ ಸಾಗಿದೆ. ಚನ್ನಗಿರಿಯಲ್ಲಿ ನೌಕರರನ್ನು ಹತ್ತಿರ ಹತ್ತಿರ ನಿಲ್ಲಿಸಿ ಮಾಡಿಸಿದ್ದರಿಂದ ಎರಡು ಕನ್ನಡಕ ಹೋದವು, ಒಬ್ಬ ಮೇಲಧಿಕಾರಿಯ ಹಲ್ಲು ಅಲುಗಾಡಿತು. ಅವರು ದೂರು ಕೊಡಲಿಲ್ಲ, ಇನ್ನಷ್ಟು ನಕ್ಕರಂತೆ. ನ್ಯಾಮತಿ ಕಡೆಯ ಗೋವಿನಕೋವಿಯಲ್ಲಿ ಒಂದು ಮದುವೆಯಲ್ಲೂ ಗಂಡಿನ ಕಡೆಯವರು ಫೋಟೋಗೆ ಹಾಗೇ ನಿಂತಿದ್ದರೆಂದು ನಸೀಮಾ ಹೇಳಿದಳು. ಅವಳು ಭಾನುವಾರ ಮಾತ್ರ ನಮ್ಮ ಮಕ್ಕಳಿಗೆ ಸಿಗುತ್ತಾಳೆ. ಅದಕ್ಕೆ ಯಾರ ಅನುದಾನವೂ ಇಲ್ಲ. ವಾರವಿಡೀ ಬಸ್ಸಿನಲ್ಲಿ ಅಲೆದು ಬಂದು, ಇರುವ ಒಂದು ರಜೆಯನ್ನೂ ಇಲ್ಲಿಗೇ ಕೊಡುತ್ತಾಳೆ.

ಮೊನ್ನೆ ಹನುಮಕ್ಕ ಬಂದಳು. “ದಿನಾ ಬೆಳಿಗ್ಗೆ ಎದ್ದು, ಟೀಚರ್ ಇವತ್ತು ಬರ್ತಾರಾ ಅಂತ ಕೇಳ್ತಾಳ್ರೀ. ಏನಂತ ಹೇಳ್ಲಿ?”

“ಅನುದಾನ ಬಂದಿದೆ ಹನುಮಕ್ಕ” ಎಂದೆ.

“ಹಂಗಾ? ಅದಕ್ಕೆ ಸನ್ನೆ ಬರ್ತೈತಾ?”

ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ.

ಉಳಿದ ಆರು ದಿನ ತರಗತಿ ನಡೆಸುವ ಘನವಾದ ಹೊಣೆಯನ್ನು ನಾನೇ ಹೊತ್ತಿದ್ದೇನೆ. ಮೊದಲ ದಿನ ಕೈಯಾಡಿಸಿ “ಎಲ್ಲರೂ ಕುಳಿತುಕೊಳ್ಳಿ” ಎಂದೆ. ಒಂಬತ್ತೂ ಮಕ್ಕಳು ಎದ್ದು ಹೊರಗೆ ಹೋಗಿ ಪಾಯಿಖಾನೆಯ ಮುಂದೆ ಸಾಲಾಗಿ ನಿಂತರು! ಎರಡನೆಯ ದಿನ “ಪುಸ್ತಕ ತೆರೆಯಿರಿ” ಎಂದದ್ದಕ್ಕೆ ಬಿಳಿಚೋಡಿನ ಪುಟ್ಟಿ ಅಳತೊಡಗಿದಳು. ಏನೆಂದೆನೋ ನನಗಿನ್ನೂ ಗೊತ್ತಿಲ್ಲ. ಮೂರನೆಯ ದಿನ ರೇಣುಕಾ ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ನನ್ನನ್ನು ಹಿಂದಿನ ಚಾಪೆಯ ಮೇಲೆ ಕೂರಿಸಿದಳು. ಅವತ್ತಿನಿಂದ ಅವರೇ ಕಲಿಸುತ್ತಾರೆ. ಒಬ್ಬರು ನನ್ನ ಬೆರಳು ಮಡಚುತ್ತಾರೆ, ಇನ್ನೊಬ್ಬರು ಬಿಡಿಸುತ್ತಾರೆ. ಬೇಗ ಕಲಿತರೆ ಅವರಿಗೆ ವಾರದಲ್ಲಿ ಆರು ದಿನ ಮಾತಾಡಲು ಒಬ್ಬಳಾದರೂ ಸಿಗುತ್ತಾಳೆ ಎಂದು ನಾನೂ ಶಕ್ತಿಮೀರಿ ಪ್ರಯತ್ನಿಸುತ್ತಿದ್ದೇನೆ.

ಮಂಡಳಿಗೆ ತಿಂಗಳ ವರದಿ ಕಳಿಸಬೇಕಿತ್ತು. ಎಷ್ಟೋ ದಿನದ ಮೇಲೆ ಒಂದು ನಮೂನೆಯಲ್ಲಿ ನಿಜವನ್ನೇ ತುಂಬಿದೆ. ಶಿಕ್ಷಕರು: ಒಂಬತ್ತು. ವಿದ್ಯಾರ್ಥಿಗಳು: ಒಂದು. ವಿದ್ಯಾರ್ಥಿಯ ಪ್ರಗತಿ ಎಂಬ ಕಡೆ ಏನು ಬರೆಯಬೇಕೋ ತಿಳಿಯದೆ ರೇಣುಕಾಳನ್ನೇ ಕೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಒಂದಷ್ಟು ಹೊತ್ತು ನೋಡಿದಳು. ಆಮೇಲೆ ಪ್ರೀತಿಯಿಂದ ನನ್ನ ಕೆನ್ನೆ ತಟ್ಟಿ, ತಲೆಯನ್ನು ಅಡ್ಡಡ್ಡ ಆಡಿಸಿದಳು.